ಈ ಸೆರಗು ಎಲ್ಲಿಂದ ಇಳಿದಿದೆ?

ಮಕ್ಕಳು ಚಿತ್ರ ಬರೆದು ತಂದು ತೋರಿಸಿದಾಗ ದೊಡ್ಡವರಾದ ನಮ್ಮ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಎರಡೇ. ಒಂದು, ‘ಬಹಳ ಚೆನ್ನಾಗಿದೆ’. ಇನ್ನೊಂದು, ‘ಎಂಥದು ಇದು? ಮನುಷ್ಯನೋ ಬೆದರುಗೊಂಬೆಯೋ?’ ಮೊದಲನೆಯದನ್ನು ಹೇಳಿ ಕೈಯಲ್ಲಿದ್ದ ಪೇಪರಿಗೆ ಮರಳುತ್ತೇವೆ, ಎರಡನೆಯದನ್ನು ಹೇಳಿ ನಗುತ್ತೇವೆ. ಮುಂದಿನ ಚಿತ್ರದಲ್ಲಿ ಏನು ಮಾಡಬೇಕೆಂಬುದು ಎರಡರಿಂದಲೂ ಮಗುವಿಗೆ ತಿಳಿಯುವುದಿಲ್ಲ.

ಕನ್ನಡದಲ್ಲಿ ನಾವು ಪಾಠವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಕಾಗುಣಿತ ತಿದ್ದಿದ ಹಾಗೆ ಚಿತ್ರವನ್ನೂ ಕೆಂಪು ಶಾಯಿಯಲ್ಲಿ ತಿದ್ದಿಬಿಡುವ ಅಭ್ಯಾಸ ಬಹುಶಃ ಅಲ್ಲಿಂದಲೇ ಬಂದಿರಬೇಕು. ಕಾಗುಣಿತಕ್ಕೆ ಸರಿ ಒಂದೇ, ತಪ್ಪು ಹಲವು. ಚಿತ್ರಕ್ಕೆ ಹಾಗಿಲ್ಲ. ಹಾಗೆಂದು ‘ಚಿತ್ರದಲ್ಲಿ ಸರಿ ತಪ್ಪು ಎಂಬುದೇ ಇಲ್ಲ, ಮಕ್ಕಳನ್ನು ಅವರ ಪಾಡಿಗೆ ಬಿಡಿ’ ಎನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಹನ್ನೆರಡು ವರ್ಷದ ಹುಡುಗಿಗೆ ತಾನು ಬರೆದ ಕೈ ಕೈಯಂತೆ ಕಾಣುತ್ತಿಲ್ಲ ಎಂಬುದು ಯಾರೂ ಹೇಳದೆಯೂ ಗೊತ್ತಿರುತ್ತದೆ. ಅವಳಿಗೆ ಬೇಕಾದದ್ದು ದಾರಿ.

ನಾನು ಡ್ರಾಯಿಂಗ್ ಮೇಷ್ಟ್ರಲ್ಲ, ವಿಜ್ಞಾನದ ಮೇಷ್ಟ್ರು. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎಲ್ಲ ಪ್ರೌಢಶಾಲೆಗಳಲ್ಲೂ ಚಿತ್ರಕಲಾ ಶಿಕ್ಷಕರಿಲ್ಲ. ಇಲ್ಲದ ಕಡೆ, ಕಪ್ಪುಹಲಗೆಯ ಮೇಲೆ ಹೃದಯ, ಮೂತ್ರಪಿಂಡ ಬರೆಯುವವನೇ ಚಿತ್ರ ಬಲ್ಲವನೆಂದು ಮಕ್ಕಳು ತಿಳಿಯುತ್ತಾರೆ. ಹಾಗಾಗಿ ಪ್ರತಿಭಾ ಕಾರಂಜಿಗೆ ಮುಂಚೆ, ಲೋಯರ್ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದಾಗ, ಕೆಲವೊಮ್ಮೆ ಸುಮ್ಮನೆ ತೋರಿಸುವ ಆಸೆಗೆ, ಚಿತ್ರದ ಪುಸ್ತಕಗಳು ನನ್ನ ಮೇಜಿಗೆ ಬರುತ್ತವೆ. ಅವುಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮನುಷ್ಯರ ಚಿತ್ರಗಳು, ಆ ಮನುಷ್ಯರು ಉಟ್ಟ ಬಟ್ಟೆಗಳು.

ನಗು ಬರುವುದು ಮನುಷ್ಯನ ಚಿತ್ರಕ್ಕೇ

ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ತೆಂಗಿನ ಮರ. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಆಗುಂಬೆ ಪಕ್ಕದ ಮಗುವೂ ಈ ಚಿತ್ರವನ್ನೇ ಬರೆಯುತ್ತದೆ. ಇದನ್ನು ನೋಡಿ ಯಾರೂ ನಗುವುದಿಲ್ಲ. ಗುಡ್ಡದ ಭುಜ ಮೋಟಾಯಿತು, ಹೊಳೆಯ ಕುತ್ತಿಗೆ ಉದ್ದವಾಯಿತು ಎಂದು ತಕರಾರು ತೆಗೆಯುವವರಿಲ್ಲ. ಮನುಷ್ಯನನ್ನು ಬರೆದರೆ ಮಾತ್ರ ಮನೆಯವರೆಲ್ಲ ಪರೀಕ್ಷಕರು. ಹುಟ್ಟಿದಂದಿನಿಂದ ನಾವು ನೋಡುತ್ತ ಬಂದಿರುವುದು ಮನುಷ್ಯರನ್ನೇ ಆದ್ದರಿಂದ ಕೂದಲೆಳೆಯಷ್ಟು ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತದೆ. ಆದರೆ ವ್ಯತ್ಯಾಸ ಕಂಡುಹಿಡಿಯುವ ಕಣ್ಣಿಗೆ, ಅದು ಎಲ್ಲಿದೆ ಎಂದು ಹೇಳುವ ಮಾತು ಇರುವುದಿಲ್ಲ. ಮಾತಿಲ್ಲದಾಗ ನಗು ಬರುತ್ತದೆ. ಐದಾರು ಸಲ ಇಂಥ ನಗು ಕೇಳಿದ ಮಗು ಮನುಷ್ಯರನ್ನು ಬಿಟ್ಟು ಹೂವು, ರಂಗೋಲಿಗಳಿಗೆ ಸರಿಯುತ್ತದೆ. ಏಳನೇ ತರಗತಿ ದಾಟುವಷ್ಟರಲ್ಲಿ ಚಿತ್ರವನ್ನೇ ಬಿಟ್ಟ ಮಕ್ಕಳನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ.

ಚಿಕ್ಕ ಮಕ್ಕಳ ವಿಷಯ ಬೇರೆ. ಒಂದು ದೊಡ್ಡ ಸೊನ್ನೆ, ಅದಕ್ಕೇ ಅಂಟಿಕೊಂಡ ಎರಡು ಕಾಲು, ಕಿವಿಯಿಂದಲೇ ಹೊರಟ ಕೈ: ಮೂರು ನಾಲ್ಕು ವರ್ಷದ ಮಗುವಿನ ಮನುಷ್ಯ ಇಷ್ಟೇ. ಫ್ರಾನ್ಸಿನ ಲುಕೆ ಎಂಬ ವಿದ್ವಾಂಸ 1927ರಲ್ಲಿ ಮಕ್ಕಳ ಚಿತ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಒಳ್ಳೆಯ ವಿಚಾರವಿದೆ: ಎಳೆಯ ಮಗು ಕಣ್ಣಿಗೆ ಕಂಡದ್ದನ್ನು ಬರೆಯುವುದಿಲ್ಲ, ತನಗೆ ತಿಳಿದದ್ದನ್ನು ಬರೆಯುತ್ತದೆ. ಲಂಗದ ಒಳಗೆ ಎರಡು ಕಾಲುಗಳಿವೆ ಎಂದು ಅದಕ್ಕೆ ಗೊತ್ತು. ಹಾಗಾಗಿ ಗಾಜಿನ ಲಂಗ ತೊಡಿಸಿದಂತೆ ಕಾಲುಗಳನ್ನೂ ತೋರಿಸುತ್ತದೆ. ಅಮೆರಿಕದ ಫ್ಲಾರೆನ್ಸ್ ಗುಡೆನಫ್ 1926ರಲ್ಲಿ ‘ಒಬ್ಬ ಮನುಷ್ಯನನ್ನು ಬರೆ’ ಎಂದು ಮಕ್ಕಳಿಗೆ ಹೇಳಿ, ಬರೆದದ್ದಕ್ಕೆ 51 ಅಂಶಗಳ ಪಟ್ಟಿಯಿಟ್ಟು ಅಂಕ ಕೊಡುವ ಪದ್ಧತಿಯೊಂದನ್ನು ಪ್ರಕಟಿಸಿದರು. ಕುತ್ತಿಗೆ ಇದೆಯೇ, ಬೆರಳು ಐದಿವೆಯೇ ಎಂಬುದರ ಜೊತೆ ಬಟ್ಟೆಯೊಳಗಿಂದ ಮೈ ಕಾಣದಂತೆ ಬರೆದಿದೆಯೇ ಎಂಬುದೂ ಆ ಪಟ್ಟಿಯಲ್ಲಿತ್ತು. ಚಿತ್ರ ನೋಡಿ ಬುದ್ಧಿ ಅಳೆಯುವುದನ್ನು ಈಗಿನ ತಜ್ಞರು ಅಷ್ಟಾಗಿ ನೆಚ್ಚುವುದಿಲ್ಲ. ಪಟ್ಟಿ ಮಾತ್ರ ನಮಗೆ ಒಂದು ವಿಷಯ ತೋರಿಸಿಕೊಡುತ್ತದೆ: ಮಕ್ಕಳ ಚಿತ್ರದಲ್ಲಿ ಬಟ್ಟೆ ತಡವಾಗಿ ಬರುವ, ಕಷ್ಟದ ಸಂಗತಿ.

ಆದ್ದರಿಂದ ಎಂಟೊಂಬತ್ತು ವರ್ಷದೊಳಗಿನ ಮಕ್ಕಳ ಮನುಷ್ಯನನ್ನು ತಿದ್ದಲು ಹೋಗಬೇಡಿ. ‘ಇವರು ಯಾರು, ಏನು ಮಾಡ್ತಿದಾರೆ?’ ಎಂದು ಕೇಳಿ, ಹೇಳುವುದನ್ನು ಕೇಳಿಸಿಕೊಂಡರೆ ಸಾಕು. ನಾನು ಮುಂದೆ ಹೇಳುವುದೆಲ್ಲ ಹತ್ತು ಹನ್ನೊಂದು ದಾಟಿದವರಿಗೆ, ತಾನೇ ಬರೆದದ್ದನ್ನು ತಾನೇ ಉಜ್ಜಿ ಉಜ್ಜಿ ಹಾಳೆ ತೂತು ಮಾಡುವ ವಯಸ್ಸಿನವರಿಗೆ.

ಅಳತೆಗೋಲು ನಮ್ಮ ಮೈಯೇ

ಉಪಯೋಗಕ್ಕೆ ಬರುವ ಮಾತು ಮಗುವಿನ ಕೈಗುಣದ ಬಗ್ಗೆ ಇರುವುದಿಲ್ಲ. ಅದು ಚಿತ್ರದಲ್ಲಿನ ಯಾವುದಾದರೂ ಒಂದು ಜಾಗದ ಬಗ್ಗೆ ಇರುತ್ತದೆ, ಮತ್ತು ಮಗು ತಾನೇ ಎದ್ದು ಹೋಗಿ ಪರೀಕ್ಷಿಸಬಹುದಾದದ್ದಾಗಿರುತ್ತದೆ. ‘ಕೈ ಸರಿಯಿಲ್ಲ’ ಎಂದರೆ ಪರೀಕ್ಷಿಸುವುದು ಹೇಗೆ? ‘ಕೈ ಇಳಿಬಿಟ್ಟು ನಿಂತುಕೋ, ನಿನ್ನ ಬೆರಳ ತುದಿ ತೊಡೆಯ ಎಲ್ಲಿಗೆ ಬರ್ತದೆ ನೋಡು. ಚಿತ್ರದಲ್ಲಿ ಎಲ್ಲಿಗೆ ಬಂದಿದೆ?’ ಎಂದರೆ ಮುಂದಿನ ಕೆಲಸ ಮಗುವಿನದು.

ಒಂಬತ್ತನೇ ತರಗತಿಯಲ್ಲಿ ನಾನು ಸುತಲಿ ದಾರ, ಸೀಮೆಸುಣ್ಣ ಕೊಟ್ಟು ಅಳತೆ ಹಿಡಿಸುವುದುಂಟು. ಎರಡೂ ತೋಳು ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ದೂರ ಹೆಚ್ಚು ಕಡಿಮೆ ಅವರವರ ಎತ್ತರದಷ್ಟೇ. ಲಿಯೊನಾರ್ಡೊ ಡ ವಿಂಚಿ 1490ರ ಸುಮಾರಿಗೆ ಚೌಕ ಮತ್ತು ವೃತ್ತದೊಳಗೆ ನಿಲ್ಲಿಸಿದ ಮನುಷ್ಯನ ಚಿತ್ರ ಇದನ್ನೇ ಹೇಳುತ್ತದೆ. ತಲೆಯ ನೆತ್ತಿಯಿಂದ ಗದ್ದದವರೆಗಿನ ಉದ್ದವನ್ನು ಒಂದು ಅಳತೆ ಎಂದಿಟ್ಟುಕೊಂಡರೆ ದೊಡ್ಡವರ ಎತ್ತರ ಏಳು, ಏಳೂವರೆ ತಲೆ. ಹುಟ್ಟಿದ ಕೂಸಿನದು ನಾಲ್ಕೇ ತಲೆ. ತೊಟ್ಟಿಲ ಮಗುವನ್ನು ಬರೆದಾಗ ಅದು ಪುಟ್ಟ ಮುದುಕನಂತೆ ಕಾಣುವುದು ಏಕೆಂದು ಕೇಳಿದವರಿಗೆ ಉತ್ತರ ಇಲ್ಲಿದೆ. ಕಣ್ಣುಗಳು ಇರುವುದು ತಲೆಯ ನಟ್ಟನಡುವೆ. ಮಕ್ಕಳು ಅವನ್ನು ಹಣೆಗೆ ಏರಿಸುತ್ತಾರೆ, ಏಕೆಂದರೆ ಕೂದಲಿನ ಕೆಳಗೆ ಮುಖ ಶುರುವಾಗುತ್ತದೆ ಎಂದು ಅವರ ಲೆಕ್ಕ. ಅಂಗೈ ಸಹಿತ ಕೈಬೆರಳಿನ ಉದ್ದ ಗದ್ದದಿಂದ ಹಣೆಯ ಕೂದಲಿನವರೆಗೆ ಬರುತ್ತದೆ. ತರಗತಿಯಲ್ಲಿ ಇದನ್ನು ಹೇಳಿದ ತಕ್ಷಣ ನಲವತ್ತು ಮಕ್ಕಳು ಮುಖದ ಮೇಲೆ ಕೈಯಿಟ್ಟುಕೊಳ್ಳುವ ದೃಶ್ಯ ಬಹಳ ಮೋಜಿನದು.

ಈ ಲೆಕ್ಕ ನಮಗೆ ಹೊರಗಿನಿಂದ ಬಂದದ್ದೇನಲ್ಲ. ನಮ್ಮ ಶಿಲ್ಪಿಗಳ ತಾಲಮಾನದಲ್ಲಿ ಹನ್ನೆರಡು ಅಂಗುಲಕ್ಕೆ ಒಂದು ತಾಲ, ನವತಾಲದ ವಿಗ್ರಹಕ್ಕೆ 108 ಅಂಗುಲ. ಗಣಪತಿಗೆ ಐದೇ ತಾಲ. ಜರ್ಮನಿಯ ಡ್ಯೂರರ್ ಮನುಷ್ಯ ದೇಹದ ಪ್ರಮಾಣದ ಮೇಲೆ ಬರೆದ ನಾಲ್ಕು ಭಾಗಗಳ ಗ್ರಂಥ ಅಚ್ಚಾದದ್ದು 1528ರಲ್ಲಿ, ಅವನು ತೀರಿಕೊಂಡ ವರ್ಷ. ಎಲ್ಲೆಡೆಯೂ ಜನ ಮೈಯನ್ನು ಮೈಯಿಂದಲೇ ಅಳೆದಿದ್ದಾರೆ.

ಅಳತೆ ಸಿಕ್ಕಿದ ಮೇಲೆ ಕೀಲು. ಇಲ್ಲಿ ವಿಜ್ಞಾನದ ಮೇಷ್ಟ್ರಿಗೆ ಸ್ವಲ್ಪ ಅನುಕೂಲ ಹೆಚ್ಚು. ನಟ್ಟಿ ಮಾಡುವ ಹೆಂಗಸರು ನಮ್ಮ ಮಕ್ಕಳ ಅಚ್ಚುಮೆಚ್ಚಿನ ವಸ್ತು. ಬಗ್ಗಿದ ದೇಹವನ್ನು ಹೆಚ್ಚಿನವರು ಸೀರೆ ಕಟ್ಟಿದ ಸೊಂಟದಲ್ಲಿ ಮುರಿಯುತ್ತಾರೆ, ಮಧ್ಯದಲ್ಲಿ ಮುರಿದ ಕೋಲಿನ ಹಾಗೆ. ಏನೋ ಸರಿಯಿಲ್ಲ ಎಂದು ಅವರಿಗೂ ಅನ್ನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಆಗ ನಾನು ಕೇಳುವುದು: ‘ಬಗ್ಗುವಾಗ ಕೀಲು ಎಲ್ಲಿದೆ? ಕೈಯಿಟ್ಟು ನೋಡಿಕೋ.’ ತೊಡೆಯ ಮೂಳೆಯ ಗುಂಡುತಲೆ ಸೊಂಟದ ಮೂಳೆಯ ಗುಳಿಯೊಳಗೆ ಕೂರುವ ಜಾಗ ಸೀರೆಯ ಗಂಟಿಗಿಂತ ಒಂದು ಗೇಣು ಕೆಳಗೆ. ಬೆನ್ನು ಅಷ್ಟಿಷ್ಟು ಬಳುಕೀತು, ಆದರೆ ನಿಜವಾದ ಮಡಿಕೆ ಅಲ್ಲಿಂದ. ಎದ್ದು ನಿಂತು, ಬಗ್ಗಿ, ಕೈಯಿಟ್ಟು ಕಂಡುಕೊಂಡ ಮಗು ಹೋಗಿ ಬರೆಯುವ ಎರಡನೇ ಚಿತ್ರದಲ್ಲಿ ಹೆಂಗಸು ಗದ್ದೆಯಲ್ಲಿ ನಿಂತಿರುತ್ತಾಳೆ. ಆ ಮಗುವಿಗೆ ಬಿಜಾಗರಿ ಕೀಲಿಗೂ ಚೆಂಡು–ಗುಳಿ ಕೀಲಿಗೂ ಇರುವ ವ್ಯತ್ಯಾಸವನ್ನು ಬಾಯಿಪಾಠ ಮಾಡಿಸುವ ಅಗತ್ಯವೂ ಬೀಳುವುದಿಲ್ಲ.

ಹಾಗೆಯೇ ತೂಕ. ಗಾರೆ ಕೆಲಸದವರು ಗೋಡೆಗೆ ಇಳಿಬಿಡುವ ತೂಗುಗುಂಡಿನಂತೆ ಒಂದು ದಾರಕ್ಕೆ ಕಲ್ಲು ಕಟ್ಟಿ, ಚಿತ್ರದಲ್ಲಿರುವವನ ಕೊರಳ ಗುಳಿಯಿಂದ ಇಳಿಬಿಟ್ಟು ನೋಡಿ. ಅಲ್ಲಾಡದೆ ನಿಂತಿದ್ದಾನಾದರೆ ದಾರ ಎರಡು ಪಾದಗಳ ನಡುವೆ ಎಲ್ಲೋ ಬೀಳಬೇಕು. ಒಂದೇ ಕಾಲಿನ ಮೇಲೆ ಭಾರ ಹಾಕಿದ್ದರೆ ಆ ಕಾಲಿನ ಹತ್ತಿರ ಬೀಳಬೇಕು. ಹೊರಗೆ ಬಿದ್ದರೆ ಮನುಷ್ಯ ಬೀಳುತ್ತಿದ್ದಾನೆ ಅಥವಾ ಓಡುತ್ತಿದ್ದಾನೆ. ಕೊಡ ಹೊತ್ತ ಹೆಂಗಸಿನ ಸೊಂಟ ಒಂದು ಕಡೆಗೆ ಏಕೆ ಸರಿಯುತ್ತದೆ, ಖಾಲಿ ಕೈ ಏಕೆ ದೂರ ಚಾಚುತ್ತದೆ ಎಂಬುದು ಗುರುತ್ವ ಕೇಂದ್ರದ ಪಾಠ. ಆ ಪಾಠಕ್ಕೆ ಪ್ರಯೋಗಾಲಯ ನಮ್ಮ ಬಾವಿಕಟ್ಟೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೊಸನಗರ ತಾಲ್ಲೂಕಿನ ಹುಂಚಕ್ಕೆ ಮಕ್ಕಳನ್ನು ಕರೆದೊಯ್ದರೆ 1077ರಲ್ಲಿ ಸಾಂತರರ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿಯನ್ನು ನೋಡಬಹುದು. ಊರಿನ ಬಸದಿಗಳಲ್ಲಿ ಕಾಯೋತ್ಸರ್ಗದಲ್ಲಿ ನಿಂತ ತೀರ್ಥಂಕರರಿದ್ದಾರೆ. ಎರಡೂ ಪಾದಗಳ ಮೇಲೆ ಸಮ ಭಾರ, ಮೈಗೆ ಅಂಟದೆ ಇಳಿದ ತೋಳು. ಸುತಲಿ ದಾರದ ಪಾಠ ಕಲಿತ ಹುಡುಗ ತಕ್ಷಣ ಕೇಳುತ್ತಾನೆ, ‘ಸಾರ್, ಇಲ್ಲಿ ಕೈ ಉದ್ದ ಆಗಿದೆಯಲ್ಲ?’ ಆಜಾನುಬಾಹು ಎಂಬುದು ಮಹಾಪುರುಷರ ಲಕ್ಷಣ. ಮೊಣಕಾಲನ್ನು ಮುಟ್ಟಲೆಂದೇ ಶಿಲ್ಪಿ ಕೈ ಇಳಿಸಿದ್ದಾನೆ. ಹಾಗಾಗಿ ಯಾವ ಚಿತ್ರವನ್ನೇ ನೋಡಲಿ, ಅಳತೆಯ ಮಾತಿಗೆ ಮುಂಚೆ ಕೇಳಬೇಕಾದ ಪ್ರಶ್ನೆ: ‘ನೀನು ಏನು ತೋರಿಸಬೇಕು ಅಂತ ಇದ್ದೆ?’ ನಮ್ಮ ಹುಡುಗರು ಬರೆಯುವ ಯಕ್ಷಗಾನದ ವೇಷಕ್ಕೆ ಏಳೂವರೆ ತಲೆಯ ಲೆಕ್ಕ ಹಾಕಿದರೆ ವೇಷವೇ ಕೆಡುತ್ತದೆ. ಕೇದಗೆ ಮುಂದಲೆ ಅಥವಾ ಕಿರೀಟ, ಭುಜಕೀರ್ತಿ, ಸುತ್ತಿ ಸುತ್ತಿ ದಪ್ಪಮಾಡಿದ ನಡು, ಇವುಗಳಿಂದ ಆಟದ ಮನುಷ್ಯ ಮನುಷ್ಯನ ಅಳತೆಯನ್ನೇ ಬಿಟ್ಟು ನಿಲ್ಲುತ್ತಾನೆ. ಬಿಡಬೇಕೆಂದೇ ಆ ವೇಷ.

ಬಟ್ಟೆ ತೂಗುವ ಜಾಗ

ಈಗ ಬಟ್ಟೆಗೆ ಬರೋಣ. ಮಕ್ಕಳ ಚಿತ್ರದಲ್ಲಿ ಬಟ್ಟೆ ಸಾಮಾನ್ಯವಾಗಿ ತಗಡಿನದು. ಲಂಗ ಎಂದರೆ ತ್ರಿಕೋನ, ಶರಟು ಎಂದರೆ ಆಯತ, ನೆರಿಗೆ ಎಂದರೆ ಆ ತಗಡಿನ ಮೇಲೆ ಎಳೆದ ನೆಟ್ಟನೆಯ ಗೆರೆಗಳು. ‘ನೆರಿಗೆ ಇನ್ನೂ ಹಾಕು’ ಎಂದರೆ ಗೆರೆ ಹೆಚ್ಚಾಗುತ್ತವೆ, ತಗಡು ತಗಡಾಗಿಯೇ ಉಳಿಯುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನಾನು ತಲೆಬರಹದಲ್ಲೇ ಕೊಟ್ಟಿದ್ದೇನೆ: ಈ ಸೆರಗು ಎಲ್ಲಿಂದ ಇಳಿದಿದೆ? ಬಟ್ಟೆಗೆ ತನ್ನದೇ ಎಲುಬಿಲ್ಲ. ಅದು ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿರುತ್ತದೆ, ಉಳಿದದ್ದನ್ನು ಭೂಮಿ ಕೆಳಗೆ ಎಳೆಯುತ್ತಿರುತ್ತದೆ. ಸಿಕ್ಕಿಕೊಂಡ ಜಾಗ ಗೊತ್ತಾದರೆ ನೆರಿಗೆಯ ದಾರಿ ಗೊತ್ತಾಯಿತು.

ಮನೆಯಲ್ಲೇ ಮಾಡಿ ನೋಡಿ. ಒಂದು ಟವೆಲನ್ನು ಒಂದೇ ಮೊಳೆಗೆ ಸಿಕ್ಕಿಸಿ. ಮಡಿಕೆಗಳೆಲ್ಲ ಆ ಮೊಳೆಯಿಂದ ಹೊರಟು ಬೀಸಣಿಗೆಯಂತೆ ಕೆಳಗೆ ಹರಡುತ್ತವೆ. ಅದೇ ಟವೆಲನ್ನು ಎರಡು ಮೊಳೆಗೆ ಸಡಿಲವಾಗಿ ಕಟ್ಟಿ. ನಡುವೆ ತೊಟ್ಟಿಲಿನಂಥ ಬಾಗುಗಳು ಒಂದರ ಕೆಳಗೊಂದು ಬರುತ್ತವೆ, ವಿದ್ಯುತ್ ಕಂಬಗಳ ನಡುವೆ ತಂತಿ ಜೋಲುವ ಹಾಗೆ. ಇನ್ನು ಅದನ್ನು ಕುರ್ಚಿಯ ಮೇಲೆ ಹೊದಿಸಿ ಒಂದು ತುದಿ ಎಳೆದರೆ, ಕುರ್ಚಿಯ ಮೂಲೆಗೂ ನಿಮ್ಮ ಕೈಗೂ ನಡುವೆ ಬಿಗಿಯಾದ ಗೆರೆಯೊಂದು ಏಳುತ್ತದೆ. ಮೊದಲನೆಯದು ಹೆಗಲಿನಿಂದ ಇಳಿದ ಸೆರಗು. ಎರಡನೆಯದು ಕತ್ತಿನ ಸುತ್ತ ಹಾಕಿದ ದುಪಟ್ಟಾ. ಮೂರನೆಯದು ಕೂತವನ ಪ್ಯಾಂಟು, ಮೊಣಕಾಲಿನಿಂದ ತೊಡೆಯ ಸಂದಿಗೆ ಬಿಗಿದದ್ದು.

ಬಟ್ಟೆಯ ಜಾತಿಯೂ ಮುಖ್ಯ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಹುಟ್ಟುಹಾಕಿದ ‘ಚರಕ’ದ ಕೈಮಗ್ಗದ ಬಟ್ಟೆಯನ್ನು ಈ ಭಾಗದವರು ಬಲ್ಲರು. ಅಂಥ ದಪ್ಪ ಹತ್ತಿ ಬಟ್ಟೆ ಮೂಲೆ ಮೂಲೆಯಾಗಿ ಮುರಿಯುತ್ತದೆ, ಸುಕ್ಕು ಗಟ್ಟಿಯಾಗಿ ನಿಲ್ಲುತ್ತದೆ. ಪಾಲಿಯೆಸ್ಟರ್ ಸೀರೆ ಹಾಗಲ್ಲ, ನೀರಿನಂತೆ ಹರಿದು ನೂರು ಸಣ್ಣ ಮಡಿಕೆಯಾಗುತ್ತದೆ. ಕಂಬಳಿಗೆ ಮಡಿಕೆಯೇ ಎರಡೋ ಮೂರೋ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ಅಜ್ಜನನ್ನು ಬರೆದ ಹುಡುಗ ಇಪ್ಪತ್ತು ನೆರಿಗೆ ಹಾಕಿದ್ದರೆ ಅಜ್ಜ ಸೀರೆ ಹೊದ್ದಂತೆ ಕಾಣುತ್ತಾನೆ. ‘ಕೊಪ್ಪೆಯನ್ನು ಕೈಯಲ್ಲಿ ಹಿಡಿದು ನೋಡು, ಎಷ್ಟು ಭಾರ?’ ಎಂದರೆ ಸಾಕು. ಬೆನ್ನಿಗೆ ಹಾಕುವ ಗೊರಬಿಗಂತೂ ಮಡಿಕೆಯೇ ಇಲ್ಲ. ಬಿದಿರು ಮತ್ತು ಎಲೆಯ ಅದು ಬಟ್ಟೆಗಿಂತ ದೋಣಿಗೆ ಹತ್ತಿರ.

ಒದ್ದೆ ಬಟ್ಟೆಯದು ಇನ್ನೊಂದು ಕಥೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ದಿನ ತುಂಗೆಯಲ್ಲಿ ಮಿಂದು ಬರುವವರ ಪಂಚೆಯನ್ನು ನೋಡಿ. ನೀರಿನ ಮೇಲ್ಮೈ ಸೆಳೆತ ಬಟ್ಟೆಯನ್ನು ಚರ್ಮಕ್ಕೆ ಅಂಟಿಸಿಬಿಡುತ್ತದೆ, ಅಂಟಿದ ಕಡೆ ಮಡಿಕೆ ಮಾಯವಾಗಿ ಮೊಣಕಾಲಿನ ಆಕಾರ ಕಾಣುತ್ತದೆ, ಅಂಟದ ಕಡೆ ಗಾಳಿ ತುಂಬಿ ಉಬ್ಬುತ್ತದೆ. ಲಿಯೊನಾರ್ಡೊ ತರುಣನಾಗಿದ್ದಾಗ ಮಣ್ಣಿನ ಬೊಂಬೆಗಳ ಮೇಲೆ ಕೆಸರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಕೂತು ತಾಳ್ಮೆಯಿಂದ ಅದರ ಚಿತ್ರ ಬರೆಯುತ್ತಿದ್ದನೆಂದು ಅವನ ಜೀವನ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ. ಒಣಗುವವರೆಗೆ ಮಡಿಕೆ ಅಲ್ಲಾಡದಿರಲಿ ಎಂಬ ಉಪಾಯ. ಮಲೆನಾಡಿನಲ್ಲಿ ಕೆಸರಿಗೇನು ಬರ? ಅಮ್ಮನ ಅನುಮತಿ ಪಡೆದು ಹಳೆಯ ಪಂಚೆಯ ತುಂಡಿನಲ್ಲಿ ಮಾಡಿ ನೋಡಬಹುದು. ಅನುಮತಿ ಎಂಬ ಶಬ್ದದ ಕೆಳಗೆ ಗೆರೆ ಹಾಕಿಕೊಳ್ಳಿ.

ಇನ್ನು ಬಟ್ಟೆಯೊಳಗಿಂದ ಮೈ ಕಾಣುವ ಚಿತ್ರ. ಗುಡೆನಫ್ ಪಟ್ಟಿಯಲ್ಲಿ ಅಂಕ ಕಳೆದುಕೊಳ್ಳುವ ಈ ಕ್ರಮವನ್ನು ನಮ್ಮ ದೇವಸ್ಥಾನಗಳ ಶಿಲ್ಪಿಗಳು ಬೇಕೆಂದೇ ಬಳಸಿದ್ದಾರೆ. ತೊಡೆ, ಮೊಣಕಾಲು ಎಲ್ಲ ಸ್ಪಷ್ಟವಾಗಿ ಕಡೆದು, ಕಣಕಾಲಿನ ಬಳಿ ಒಂದು ಅಂಚಿನ ಗೆರೆ, ಕಾಲುಗಳ ನಡುವೆ ಒಂದು ನೆರಿಗೆಯ ಗೊಂಚಲು. ಅಷ್ಟಕ್ಕೇ ಕಲ್ಲು ಬಟ್ಟೆ ಉಟ್ಟುಬಿಡುತ್ತದೆ. ಸಾಗರದಿಂದ ಇಕ್ಕೇರಿ ಐದಾರು ಕಿಲೋಮೀಟರು. ಹದಿನಾರನೇ ಶತಮಾನದ ಅಘೋರೇಶ್ವರ ದೇವಸ್ಥಾನಕ್ಕೆ ಶಾಲಾ ಪ್ರವಾಸ ಹೋದಾಗ ಇತಿಹಾಸದ ಟಿಪ್ಪಣಿಯ ಜೊತೆ ಒಂದು ಪೆನ್ಸಿಲನ್ನೂ ಒಯ್ಯುವುದು ಒಳ್ಳೆಯದು. ಸಾಗರದ ಗುಡಿಗಾರರ ಕೆತ್ತನೆಯನ್ನು ನೋಡುವ ಅವಕಾಶವಿರುವ ಮಕ್ಕಳಂತೂ ಪುಣ್ಯವಂತರು. ಶ್ರೀಗಂಧದಂಥ ಗಟ್ಟಿ ಮರದಲ್ಲಿ ಮೆದು ಬಟ್ಟೆಯ ಭ್ರಮೆ ತರಲು ಎಷ್ಟು ಗೆರೆ ಬಿಟ್ಟುಬಿಡಬೇಕೆಂಬುದು ಅಲ್ಲಿ ಕಾಣುತ್ತದೆ.

ಇದರಲ್ಲೊಂದು ಮುಜುಗರದ ವಿಷಯವೂ ಇದೆ. ಬಟ್ಟೆಯ ಕೆಳಗೆ ಮೈಯ ಗೆರೆಗಳನ್ನು ಮೊದಲು ಹಗುರವಾಗಿ ಬರೆದುಕೊಂಡರೆ ಬಟ್ಟೆ ಸರಿಯಾಗಿ ಕೂರುತ್ತದೆ. ಆದರೆ ಮಗಳ ಪುಸ್ತಕದಲ್ಲಿ ಇಂಥ ಗೆರೆ ಕಂಡ ಪೋಷಕರು ಗಾಬರಿಯಾಗುತ್ತಾರೆ. ಇದಕ್ಕೆ ಸುಲಭದ ದಾರಿ ಕಡ್ಡಿ ಬೊಂಬೆ. ತಲೆಗೊಂದು ಮೊಟ್ಟೆ, ಹೆಗಲಿಗೊಂದು ಅಡ್ಡಗೆರೆ, ಸೊಂಟಕ್ಕೆ ಇನ್ನೊಂದು, ಕೀಲಿಗೊಂದು ಚುಕ್ಕಿ. ಹೆಗಲಿನ ಗೆರೆ, ಸೊಂಟದ ಗೆರೆ ಯಾವ ಕಡೆ ಓರೆಯಾಗಿವೆ ಎಂದು ಗೊತ್ತಾದರೆ ಸೀರೆ ಉಡಿಸಲು ಅಷ್ಟು ಸಾಕು. ವಿಜ್ಞಾನ ಪುಸ್ತಕದ ಅಸ್ಥಿಪಂಜರದ ಚಿತ್ರ ನೋಡಿ ಯಾವ ಪೋಷಕರೂ ದೂರು ತಂದದ್ದನ್ನು ನಾನು ಕಂಡಿಲ್ಲ.

ಹೇಳುವ ಬಗೆ

ಅಡಿಕೆ ಸುಗ್ಗಿಯ ದಿನಗಳಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ತನ್ನ ತಾಯಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಚಿತ್ರ ಬರೆದಿದ್ದಳು. ಮನೆಯಲ್ಲಿ ಯಾರೋ ‘ಕಪ್ಪೆ ಕೂತ ಹಾಗಿದೆ’ ಎಂದರಂತೆ. ಪುಸ್ತಕ ನನ್ನ ಮೇಜಿಗೆ ಬಂದಾಗ ಆ ಪುಟಕ್ಕೆ ಅಂಟು ಹಚ್ಚಿ ಮುಚ್ಚಿತ್ತು, ಮುಂದಿನ ಪುಟಗಳಲ್ಲಿ ದಾಸವಾಳ. ಅಂಟು ಬಿಡಿಸಿ ನೋಡಿದೆವು. ಕಪ್ಪೆ ಎಂದವರ ಕಣ್ಣು ಸುಳ್ಳಲ್ಲ. ಎದುರಿನಿಂದ ನೋಡುವಾಗ ನಮ್ಮತ್ತ ಚಾಚಿದ ತೊಡೆ ಗಿಡ್ಡವಾಗಿ ಕಾಣಬೇಕು. ತೊಡೆ ಉದ್ದವೆಂದು ತಿಳಿದಿದ್ದ ಹುಡುಗಿ ಉದ್ದಕ್ಕೇ ಬರೆದು ಎರಡೂ ಪಕ್ಕಕ್ಕೆ ಹರಡಿದ್ದಳು. ಲುಕೆ ಹೇಳಿದ್ದು ಇಲ್ಲಿ ಹದಿಮೂರರ ವಯಸ್ಸಿನಲ್ಲೂ ಕೆಲಸ ಮಾಡುತ್ತಿತ್ತು. ಸ್ನೇಹಿತೆಯನ್ನು ಎದುರು ಕೂರಿಸಿ, ತೋಳು ಚಾಚಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ತೊಡೆ ಎಷ್ಟು ಕಾಣುತ್ತದೆ, ಮುಖ ಎಷ್ಟು ಕಾಣುತ್ತದೆ ಎಂದು ಅಳೆಯಲು ಹೇಳಿದೆ. ಎರಡೂ ಹೆಚ್ಚು ಕಡಿಮೆ ಒಂದೇ ಬಂತು. ಅವಳಿಗೆ ನಂಬಲಾಗಲಿಲ್ಲ, ಇನ್ನೊಮ್ಮೆ ಅಳೆದಳು.

ಆದರೆ ಅವಳ ಚಿತ್ರದ ಬಗ್ಗೆ ಬಂದ ಅತ್ಯುತ್ತಮ ಮಾತು ನನ್ನದಲ್ಲ. ಎರಡನೇ ಸಲ ಬರೆದದ್ದನ್ನು ತಾಯಿಗೇ ತೋರಿಸು ಎಂದು ಕಳಿಸಿದ್ದೆ. ಆ ತಾಯಿ ನೋಡಿ, ‘ಕೆಲಸ ಮಾಡೋವಾಗ ಸೆರಗು ಹಿಂಗೆ ಇಳಿಬಿಟ್ಟಿರಲ್ಲ, ಸೊಂಟಕ್ಕೆ ಸಿಗಿಸಿರ್ತೀನಿ. ಇಲ್ಲದಿದ್ರೆ ಕತ್ತಿಗೆ ಸಿಕ್ಕಲ್ವ?’ ಎಂದರಂತೆ. ಸೆರಗು ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಬಿಗಿದುಕೊಂಡಿತು, ಚಿತ್ರದ ಹೆಂಗಸು ಫೋಟೊಕ್ಕೆ ಕೂತವಳಂತಿದ್ದದ್ದು ಹೋಗಿ ದುಡಿಯುವವಳಾದಳು. ಇದನ್ನು ಯಾವ ಚಿತ್ರಕಲಾ ಶಾಲೆಯೂ ಅವಳಿಗೆ ಹೇಳಿಕೊಡುತ್ತಿರಲಿಲ್ಲ. ‘ನಮಗೆ ಚಿತ್ರ ಗಿತ್ರ ಗೊತ್ತಿಲ್ಲ ಸಾರ್’ ಎನ್ನುವ ಪೋಷಕರಿಗೆ ನಾನು ಹೇಳುವುದಿಷ್ಟೇ: ಬಟ್ಟೆ ಉಡುವುದು ನಿಮಗೆ ಗೊತ್ತಲ್ಲ. ಕೊನೆಗಾರ ಮರ ಹತ್ತುವಾಗ ಪಾದ ಹೇಗೆ ಒಳಕ್ಕೆ ತಿರುಗಿಸುತ್ತಾನೆ, ಹೊರೆ ಹೊತ್ತಾಗ ಕುತ್ತಿಗೆ ಹೇಗಿರುತ್ತದೆ, ಅಂಚು ಯಾವ ಕಡೆ ಬರುತ್ತದೆ, ಇವೆಲ್ಲ ನಿಮ್ಮ ಮೈಗೆ ತಿಳಿದಿದೆ. ಅದನ್ನು ಹೇಳಿ.

ಹೇಳುವಾಗ ಒಂದು ಸಲಕ್ಕೆ ಒಂದೇ. ಕಣ್ಣು, ಕೈ, ನೆರಿಗೆ, ಹಿನ್ನೆಲೆ ಎಲ್ಲವನ್ನೂ ಒಟ್ಟಿಗೆ ಪಟ್ಟಿ ಮಾಡಿದರೆ ಮಗುವಿಗೆ ಕೇಳಿಸುವುದು ‘ನಿನಗೆ ಬರುವುದಿಲ್ಲ’ ಎಂದು ಮಾತ್ರ. ಮಗುವಿನ ಹಾಳೆಯ ಮೇಲೆ ನಮ್ಮ ಪೆನ್ಸಿಲ್ ಆಡಿಸುವುದನ್ನಂತೂ ನಾನು ಒಪ್ಪುವುದೇ ಇಲ್ಲ. ತೋರಿಸಲೇಬೇಕಾದರೆ ಪಕ್ಕದಲ್ಲಿ ರಫ್ ಹಾಳೆ ಇಟ್ಟುಕೊಳ್ಳಿ. ದೊಡ್ಡವರ ಒಂದು ಗೆರೆ ಬಿದ್ದರೆ ಆ ಚಿತ್ರ ಮಗುವಿನದಾಗಿ ಉಳಿಯುವುದಿಲ್ಲ, ಸ್ಪರ್ಧೆಯಲ್ಲಿ ಬಹುಮಾನ ಬಂದರೂ ಅದರ ಖುಷಿ ಅರ್ಧ.

ಅಂಕದ ಬಗ್ಗೆಯೂ ಒಂದು ಮಾತು. ರುತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನಲ್ಲಿ ಐದು, ಆರನೇ ತರಗತಿಯ ಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಶಿಕ್ಷಕರ ವಲಯದಲ್ಲಿ ಪ್ರಸಿದ್ಧ. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಕೆಲಸದ ಬಗ್ಗೆ ಬರೆದ ಮಾತು ಮಾತ್ರ, ಇನ್ನು ಕೆಲವರಿಗೆ ಎರಡೂ. ಮಾತು ಮಾತ್ರ ಪಡೆದವರು ಮುಂದಿನ ಕ��ಲಸದಲ್ಲಿ ಸುಧಾರಿಸಿದರು, ಆಸಕ್ತಿಯನ್ನೂ ಉಳಿಸಿಕೊಂಡರು. ಎರಡೂ ಪಡೆದವರು? ಅಂಕ ಮಾತ್ರ ಪಡೆದವರಿಗಿಂತ ಮುಂದೆ ಹೋಗಲಿಲ್ಲ. ಅಂಕ ಕಂಡ ಕಣ್ಣು ಮಾತನ್ನು ಓದುವುದಿಲ್ಲ. ಅಲ್ಲಿನ ಕೆಲಸ ಚಿತ್ರದ್ದಾಗಿರಲಿಲ್ಲ, ಆದರೂ ಚಿತ್ರದ ಪುಸ್ತಕದಲ್ಲಿ ಹತ್ತಕ್ಕೆ ಆರು ಎಂದು ಬರೆಯುವ ಮುನ್ನ ನನಗೆ ಅದು ನೆನಪಾಗುತ್ತದೆ. ಪರೀಕ್ಷೆಗೆ ಅಂಕ ಬೇಕು, ಸರಿ. ಅಭ್ಯಾಸದ ಪುಸ್ತಕಕ್ಕೆ ಬೇಡ.

ಮೊಬೈಲಿನಲ್ಲಿ ಕಂಡ ಕಾರ್ಟೂನುಗಳನ್ನು ನಕಲು ಮಾಡುತ್ತಾರೆಂದು ಕೆಲವರ ದೂರು. ನಕಲು ಮಾಡಲಿ, ಕೈ ಪಳಗುತ್ತದೆ. ‘ಈ ಹುಡುಗಿಯ ಕಣ್ಣು ಮುಖದ ಅರ್ಧ ಇದೆಯಲ್ಲ, ಹಾಗೇಕೆ ಬರೆದಿದ್ದಾರೆ?’ ಎಂದು ಕೇಳಿ. ಅವಳಿಗೆ ನಮ್ಮ ಶಾಲೆಯ ಸಮವಸ್ತ್ರ ತೊಡಿಸು ಎನ್ನಿ. ಸಮವಸ್ತ್ರದ ವೇಲ್ ಎಲ್ಲಿ ಪಿನ್ ಆಗಿದೆ ಎಂದು ನೋಡಲು ಹೇಗೂ ಕಣ್ಣೆತ್ತಲೇಬೇಕು. ಬಟ್ಟೆ ಬರೆಯುವುದು ಹುಡುಗಿಯರ ಹುಚ್ಚು ಎನ್ನುವವರೂ ಇದ್ದಾರೆ. ಆ ಹುಚ್ಚಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ನಿಫ್ಟ್‌ನಂಥ ಸಂಸ್ಥೆಗಳಿವೆ. ಎಲ್ಲರೂ ಅಲ್ಲಿಗೆ ಹೋಗಬೇಕಿಲ್ಲ, ಅಲ್ಲಿಗೂ ದಾರಿಯಿದೆ ಎಂಬುದು ತಿಳಿದಿರಲಿ.

ಕೊನೆಯದಾಗಿ ನಮ್ಮ ಸೀಮೆಯ ಹಸೆ ಚಿತ್ತಾರದ ಸಂಗತಿ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಗಳಿಂದ, ಪುಂಡಿನಾರಿನ ಕುಂಚದಲ್ಲಿ ಬರೆಯುವ ಈ ಚಿತ್ತಾರದಲ್ಲಿ ಮದುಮಕ್ಕಳು ಬರುತ್ತಾರೆ. ಮೈ ತ್ರಿಕೋನ, ಕೈಕಾಲು ಕಡ್ಡಿ. ಏಳೂವರೆ ತಲೆ ಇಲ್ಲ, ಸೆರಗು ಹೆಗಲಿನಿಂದ ಇಳಿಯುವುದಿಲ್ಲ. ಅಲ್ಲಿ ನೋಡುವ ಕಣ್ಣೇ ಬೇರೆ: ಗೆರೆ ನೆಟ್ಟಗಿದೆಯೇ, ಎಳೆಗೂ ಎಳೆಗೂ ನಡುವಿನ ಅಂತರ ಸಮವಾಗಿದೆಯೇ, ಮೂಲೆ ಕೂಡಿದೆಯೇ. ಅಜ್ಜಿಯ ಪಕ್ಕ ಕೂತು ಎಳೆ ತುಂಬಿದ ಹುಡುಗಿಯೊಬ್ಬಳು ಶಾಲೆಗೆ ಬಂದು ಅದೇ ರೀತಿಯಲ್ಲಿ ಮನುಷ್ಯನನ್ನು ಬರೆದರೆ, ಅದನ್ನು ತಪ್ಪೆನ್ನುವ ಮೇಷ್ಟ್ರು ತನ್ನ ಕಣ್ಣನ್ನೇ ಪರೀಕ್ಷಿಸಿಕೊಳ್ಳಬೇಕು. ಅವಳ ಚಿತ್ರಕ್ಕೆ ಸುತಲಿ ದಾರ ತರಬೇಡಿ. ಅಂತರ ನೋಡಿ, ಅಂತರದ ಬಗ್ಗೆ ಮಾತಾಡಿ. ಬೇಕಿದ್ದರೆ ಅವಳ ಅಜ್ಜಿಯನ್ನೇ ಕೇಳಿ.

ಮಳೆಗಾಲದ ರಜೆಗಳಲ್ಲಿ ಬರೆಯಲು ಕೂರುವ ಮಕ್ಕಳಿಗೆ ಒಂದೆರಡು ಸೂಚನೆ. ಪ್ರತಿ ಚಿತ್ರದ ಮೂಲೆಯಲ್ಲಿ ತಾರೀಕು ಹಾಕಿ, ಕೆಟ್ಟದ್ದನ್ನೂ ಹರಿಯಬೇಡಿ. ಆರು ತಿಂಗಳ ನಂತರ ನಿಮ್ಮ ಚಿತ್ರವನ್ನು ತಿದ್ದಲು ನಿಮಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಬರೆಸಿಕೊಳ್ಳಲು ಕೂತವರನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ, ಅಜ್ಜನಾದರೆ ಐದೇ ನಿಮಿಷ. ಕೊಪ್ಪೆ ಹಾಕಿಕೊಂಡು ನಿಲ್ಲಲು ಅವರು ಒಪ್ಪಿದರೆ ಮೊದಲು ಕಂಬಳಿ ತಲೆಯ ಮೇಲೆ ಕೂತ ಆ ಒಂದು ಮೂಲೆಯನ್ನು ಬರೆದುಕೊಳ್ಳಿ. ಉಳಿದದ್ದೆಲ್ಲ ಅಲ್ಲಿಂದ ಇಳಿಯುತ್ತದೆ.